ಶಮನಕಾಲ: ಒಂದು ಭೌತಕಲ್ಪನೆಯ ಚರಿತ್ರೆ

ಚರಿತ್ರೆಯ ವಿದ್ಯಾರ್ಥಿಗಳು ಭೌತವಿಜ್ಞಾನದ ಹಳೆಯ ಸಂಪುಟಗಳನ್ನು ಬಿಚ್ಚಿ ನೋಡುವುದು ವಿರಳ. ಒಂದು ಶಾಸನವನ್ನು ಓದುವಾಗ ನಾವು ಕೇಳುವ ಪ್ರಶ್ನೆಗಳನ್ನೇ, ಎಂದರೆ ಇದನ್ನು ಬರೆಸಿದವರು ಯಾರು, ಯಾವ ಪ್ರಸಂಗದಲ್ಲಿ, ಮುಂದಿನವರು ಇದನ್ನು ಹೇಗೆ ಉಲ್ಲೇಖಿಸಿದರು ಎಂಬುವನ್ನೇ, ಆ ಸಂಪುಟಗಳಿಗೂ ಹಾಕಿದರೆ ಗಮನಾರ್ಹವಾದ ಸಂಗತಿಗಳು ದೊರೆಯುತ್ತವೆ. ಪ್ರಕೃತ ಲೇಖನದಲ್ಲಿ ಅಂಥ ಒಂದು ಕಲ್ಪನೆಯ ಜಾಡನ್ನು ಹಿಡಿಯಲು ಯತ್ನಿಸಿದ್ದೇವೆ. ಸಮತೋಲದಿಂದ ಕದಲಿಸಿದ ವಸ್ತುವು ಮತ್ತೆ ಸಮತೋಲಕ್ಕೆ ಮರಳುವ ಕ್ರಿಯೆಗೆ ಇಂಗ್ಲಿಷಿನಲ್ಲಿ ರಿಲ್ಯಾಕ್ಸೇಷನ್ ಎಂದು ಹೆಸರು. ಇದಕ್ಕೆ 'ವಿಶ್ರಾಂತಿ' ಎಂಬ ಪದ ನಮಗೆ ಒಪ್ಪಿಗೆಯಾಗದು. ಇಲ್ಲಿ ಅಣುಗಳು ವಿಶ್ರಮಿಸುವುದಿಲ್ಲ, ಅವುಗಳ ಎಡೆಬಿಡದ ಓಡಾಟದಿಂದಲೇ ಕದಡಿದ್ದು ತಿಳಿಯಾಗುತ್ತದೆ. 'ಶೈಥಿಲ್ಯ'ವೆಂದರೆ ಹಾಳುಬಿದ್ದ ಕೋಟೆಯ ನೆನಪಾದೀತು. ಆದುದರಿಂದ 'ಶಮನ'ವೆಂದೂ, ಅದಕ್ಕೆ ಹಿಡಿಯುವ ಅವಧಿಯನ್ನು 'ಶಮನಕಾಲ'ವೆಂದೂ ಕರೆಯುತ್ತೇವೆ.

ಈ ಚರಿತ್ರೆ ಮೊದಲಾಗುವುದು ಜರ್ಮನಿಯ ಗಟಿಂಗೆನ್ ನಗರದಲ್ಲಿ. 1830ರ ದಶಕದಲ್ಲಿ ಗಾಸ್ ಮತ್ತು ವಿಲ್‌ಹೆಲ್ಮ್ ವೇಬರ್ ಇಬ್ಬರೂ ಅಲ್ಲಿ ಭೂಮಿಯ ಅಯಸ್ಕಾಂತತ್ವವನ್ನು ಅಳೆಯುವ ಕಾರ್ಯದಲ್ಲಿ ತೊಡಗಿದ್ದರು. ಅಯಸ್ಕಾಂತದ ಸರಳನ್ನು ರೇಷ್ಮೆಯ ಎಳೆಗಳಿಂದ ತೂಗುಬಿಟ್ಟು, ಅದರ ತಿರುಗುವಿಕೆಯನ್ನು ನೋಡುವುದು ಅವರ ಕ್ರಮ. ಭಾರ ಬಿದ್ದೊಡನೆ ಎಳೆ ಹಿಗ್ಗುವುದು ಸಹಜ. ಆದರೆ ರೇಷ್ಮೆ ಅಷ್ಟಕ್ಕೆ ನಿಲ್ಲದೆ ಬಹುಕಾಲ ನಿಧಾನವಾಗಿ ಹಿಗ್ಗುತ್ತಲೇ ಇತ್ತು. ಭಾರವನ್ನು ಇಳಿಸಿದ ಮೇಲೆಯೂ ಒಡನೆಯೇ ಹಳೆಯ ಉದ್ದಕ್ಕೆ ಬರದೆ ತಡೆತಡೆದು ಹಿಂದಿರುಗುತ್ತಿತ್ತು. ಅಳತೆಯ ದೃಷ್ಟಿಯಿಂದ ಇದು ಉಪಕರಣದ ಕೊರತೆ. ಬೇರೊಬ್ಬನಾಗಿದ್ದರೆ ಎಳೆಯನ್ನು ಬದಲಿಸಿ ಮುಂದೆ ಸಾಗುತ್ತಿದ್ದನು. ವೇಬರನಾದರೋ ಆ ಕೊರತೆಯನ್ನೇ ವಿಷಯವನ್ನಾಗಿ ಮಾಡಿಕೊಂಡು 1835ರಲ್ಲಿ ರೇಷ್ಮೆಯ ಎಳೆಯ ಸ್ಥಿತಿಸ್ಥಾಪಕತ್ವವನ್ನು ಕುರಿತು ಪ್ರಬಂಧ ಬರೆದನು. ರೇಷ್ಮೆಯು ಪ್ರಕೃತಿಯೇ ನೂತ ಪಾಲಿಮರ್ ಎಂಬುದನ್ನು ಇಲ್ಲಿ ನೆನೆಯಬೇಕು. ಸರಪಣಿಯಂಥ ದೀರ್ಘ ಅಣುಗಳ ಕಲ್ಪನೆಯನ್ನು ಸ್ಟೌಡಿಂಗರನು ಮಂಡಿಸಿದ್ದು 1920ರಲ್ಲಿ. ಆ ಅಣುಗಳ ನಡವಳಿಕೆಯನ್ನು ವೇಬರನು ಅದಕ್ಕೆ 85 ವರ್ಷ ಮೊದಲೇ ಅಳೆದಿದ್ದನು, ತಾನು ಅಳೆಯುತ್ತಿರುವುದು ಏನೆಂಬುದರ ಅರಿವಿಲ್ಲದೆ. 1837ರಲ್ಲಿ ಹ್ಯಾನೋವರಿನ ದೊರೆ ರಾಜ್ಯಾಂಗವನ್ನು ರದ್ದುಪಡಿಸಿದಾಗ ಪ್ರತಿಭಟಿಸಿ ಹುದ್ದೆ ಕಳೆದುಕೊಂಡ ಏಳು ಮಂದಿ ಪ್ರಾಧ್ಯಾಪಕರಲ್ಲಿ ಈತನೂ ಒಬ್ಬನೆಂಬುದು ರಾಜಕೀಯ ಚರಿತ್ರೆಯನ್ನು ಓದಿದವರಿಗೆ ತಿಳಿದಿರುತ್ತದೆ.

ಎರಡನೆಯ ಹೆಜ್ಜೆಯನ್ನು ಇಟ್ಟವನು ರುಡಾಲ್ಫ್ ಕೋಲ್‌ರೌಷ್. ಬಹುಕಾಲ ಶಾಲಾ ಅಧ್ಯಾಪಕನಾಗಿದ್ದ ಈತನು ಲೇಡನ್ ಜಾಡಿಯನ್ನು ಪರೀಕ್ಷೆಗೆ ತೆಗೆದುಕೊಂಡನು. ವಿದ್ಯುತ್ತು ತುಂಬಿದ ಗಾಜಿನ ಜಾಡಿಯನ್ನು ಬರಿದುಮಾಡಿ ಕೊಂಚ ಹೊತ್ತು ಸುಮ್ಮನೆ ಬಿಟ್ಟರೆ, ಅದರಲ್ಲಿ ಮತ್ತೆ ಸ್ವಲ್ಪ ವಿದ್ಯುತ್ತು ತಲೆದೋರುತ್ತದೆ. ಈ 'ಶೇಷ'ದ ಸಿದ್ಧಾಂತವನ್ನು ಆತನು 1854ರಲ್ಲಿ ಪ್ರಕಟಿಸಿದನು. ಸಾಮಾನ್ಯವಾದ ಇಳಿಕೆಯಲ್ಲಿ ಸಮಾನ ಅವಧಿಗಳಲ್ಲಿ ಸಮಾನ ಅಂಶ ಕಳೆಯುತ್ತದೆ: ಮೊದಲ ಗಂಟೆಯಲ್ಲಿ ಅರ್ಧ ಹೋದರೆ ಎರಡನೆಯ ಗಂಟೆಯಲ್ಲಿ ಉಳಿದುದರ ಅರ್ಧ ಹೋಗುತ್ತದೆ. ಜಾಡಿಯ ವರ್ತನೆ ಹಾಗಿರಲಿಲ್ಲ. ಆರಂಭದಲ್ಲಿ ವೇಗ ಹೆಚ್ಚು, ಬರಬರುತ್ತ ಎಳೆದಾಟ ಹೆಚ್ಚು. ಇದನ್ನು ಹಿಡಿಯಲು ಕೋಲ್‌ರೌಷನು ಘಾತೀಯ ಸೂತ್ರದಲ್ಲಿ ಕಾಲವನ್ನು ಒಂದಕ್ಕಿಂತ ಕಡಿಮೆಯಾದ ಘಾತಕ್ಕೆ ಏರಿಸಿದನು. ವೇಬರನ ರೇಷ್ಮೆಗೂ ಈ ಗಾಜಿಗೂ ಇರುವ ಹೋಲಿಕೆ ಆತನ ಕಣ್ಣಿಗೆ ಬೀಳದೆ ಇರಲಿಲ್ಲ. ಆತನು 1858ರಲ್ಲಿ ತೀರಿಕೊಂಡನು. ಮಗ ಫ್ರೀಡ್ರಿಷ್ 1863ರಿಂದ ಮುಂದೆ ಲೋಹದ ತಂತಿ, ಗಾಜು, ರಬ್ಬರುಗಳಲ್ಲಿ ಅದೇ ಅನ್ವೇಷಣೆಯನ್ನು ಮುಂದುವರಿಸಿದನು. ತಂದೆ ಮಗ ಇಬ್ಬರ ಹೆಸರೂ ಒಂದೇ ವಿಷಯಕ್ಕೆ ಅಂಟಿಕೊಂಡದ್ದರಿಂದ ಆದ ತೊಡಕನ್ನು ಮುಂದೆ ಹೇಳುತ್ತೇವೆ.

'ಶಮನಕಾಲ'ವೆಂಬ ಮಾತು ಇಂಗ್ಲಿಷಿನಲ್ಲಿ ನೆಲೆಗೊಂಡದ್ದು ಮ್ಯಾಕ್ಸ್‌ವೆಲ್ಲನ ಅನಿಲ ಸಿದ್ಧಾಂತದಿಂದ, 1867ರಲ್ಲಿ. ಘನ ದ್ರವಗಳ ನಡುವಣ ಭೇದವನ್ನು ಆತನು ಕಾಲದ ಭೇದವನ್ನಾಗಿ ಕಂಡನು: ಶಮನಕಾಲಕ್ಕಿಂತ ಬೇಗ ಒತ್ತಿದರೆ ವಸ್ತು ಘನದಂತೆ ಎದುರಿಸುತ್ತದೆ, ನಿಧಾನವಾಗಿ ಒತ್ತಿದರೆ ದ್ರವದಂತೆ ಹರಿಯುತ್ತದೆ. 1874ರಲ್ಲಿ ಬೋಲ್ಟ್ಸ್‌ಮನ್ನನು ವಸ್ತುವಿನ ಇಂದಿನ ಸ್ಥಿತಿಯು ಅದು ಹಿಂದೆ ಅನುಭವಿಸಿದ ಎಲ್ಲ ಒತ್ತಡಗಳನ್ನೂ ಅವಲಂಬಿಸುತ್ತದೆಂದು ಗಣಿತದಿಂದ ನಿರೂಪಿಸಿದನು. ಜಡವಸ್ತುವಿಗೂ ಪೂರ್ವವೃತ್ತಾಂತ ಉಂಟೆಂಬ ಈ ಮಾತು ಚರಿತ್ರಕಾರರಿಗೆ ರುಚಿಸದಿರದು. 1913ರಲ್ಲಿ ಡಿಬೈ ಎಂಬ ಡಚ್ ವಿದ್ವಾಂಸನು ಅಣುಗಳ ಕಡೆಗೆ ತಿರುಗಿ, ವಿದ್ಯುತ್ ಕ್ಷೇತ್ರದಲ್ಲಿ ಸಾಲುಗಟ್ಟಿದ ಧ್ರುವೀಯ ಅಣುಗಳು ಕ್ಷೇತ್ರ ಹೋದ ಮೇಲೆ ಚದರಲು ಹಿಡಿಯುವ ಕಾಲವನ್ನು ದ್ರವದ ಸ್ನಿಗ್ಧತೆಯಿಂದ ಲೆಕ್ಕಹಾಕಿದನು.

ಅಯಸ್ಕಾಂತೀಯ ಶಮನದ ಕಥೆಯಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಒಂದು ವಿಫಲತೆ. ಹಾಲೆಂಡಿನ ಗಾರ್ಟರನು 1936ರಲ್ಲಿ ಪರಮಾಣುವಿನ ನ್ಯೂಕ್ಲಿಯಸ್ಸು ರೇಡಿಯೋ ಅಲೆಯನ್ನು ಹೀರುವುದನ್ನು ಪತ್ತೆಮಾಡಲು ಹೊರಟನು, ಫಲ ದೊರೆಯಲಿಲ್ಲ. ಜರ್ಮನ್ ಸೇನೆ ದೇಶವನ್ನು ಆಕ್ರಮಿಸಿದ್ದ 1942ರಲ್ಲಿ ಮತ್ತೊಮ್ಮೆ ಯತ್ನಿಸಿದನು, ಆಗಲೂ ಇಲ್ಲ. ಎರಡು ಸಲವೂ ತನ್ನ ಸೋಲನ್ನು ಶೀರ್ಷಿಕೆಯಲ್ಲಿಯೇ ಹೇಳಿ ಅಚ್ಚುಹಾಕಿಸಿದನು. ಕಾರಣವಾಗಿರಬಹುದಾದದ್ದು ಶಮನಕಾಲವೇ. ನ್ಯೂಕ್ಲಿಯಸ್ಸುಗಳು ಹೀರಿದ ಶಕ್ತಿಯನ್ನು ಸುತ್ತಣ ಹರಳಿಗೆ ದಾಟಿಸಬೇಕು. ಶುದ್ಧವಾದ, ಅತಿ ಶೀತವಾದ ಹರಳಿನಲ್ಲಿ ಈ ದಾಟುವಿಕೆ ಬಹಳ ನಿಧಾನ. ಹೀಗಾಗಿ ಅವು ತುಂಬಿಕೊಂಡು ಮತ್ತೆ ಹೀರಲಾರವು. ಪ್ಯಾರಾಅಯಸ್ಕಾಂತೀಯ ಲವಣಗಳಲ್ಲಿ ಶಮನವನ್ನು ಕಂಡುಹಿಡಿದು ಅದರ ಮೇಲೆ ಗ್ರಂಥವನ್ನೇ ಬರೆದವನು ಅದೇ ಶಮನದ ಕೈಯಲ್ಲಿ ಸೋತದ್ದು ವಿಚಿತ್ರ.

1945ರ ಡಿಸೆಂಬರಿನಲ್ಲಿ ಹಾರ್ವರ್ಡಿನಲ್ಲಿ ಪರ್ಸೆಲ್, ಟಾರಿ, ಪೌಂಡ್ ಎಂಬ ಮೂವರು ಪ್ಯಾರಾಫಿನ್ ಮೇಣವನ್ನು ಬಳಸಿ ಇದನ್ನು ಸಾಧಿಸಿದರು. ಶಮನಕಾಲ ಬಹು ದೀರ್ಘವಿರಬಹುದೆಂಬ ಭಯ ಅವರಿಗೂ ಇತ್ತು. ಮೇಣದಲ್ಲಿ ಅದು ಸೆಕೆಂಡಿನ ಸಣ್ಣ ಭಾಗ ಮಾತ್ರವಾಗಿತ್ತು. 1948ರಲ್ಲಿ ಬ್ಲೂಂಬರ್ಗನ್, ಪರ್ಸೆಲ್, ಪೌಂಡ್ ಪ್ರಕಟಿಸಿದ ಪ್ರಬಂಧ ಡಿಬೈಯ ಉರುಳುವ ಅಣುವನ್ನು ನ್ಯೂಕ್ಲಿಯಸ್ಸಿನ ಶಮನಕ್ಕೆ ಕಾರಣವಾಗಿ ತೋರಿಸಿತು. ಸಾಮಾನ್ಯ ನೀರಿನಲ್ಲಿ ಅವರು ಅಳೆದ ಕಾಲ ಸುಮಾರು 2.3 ಸೆಕೆಂಡು.

ಇಲ್ಲಿ ನಮ್ಮ ನಾಡಿನ ಸಂಬಂಧವೊಂದು ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಇದೇ ಪ್ರಯೋಗವನ್ನು ಮಾಡಿ 1951ರಲ್ಲಿ ಪ್ರಕಟಿಸಿದರು. ನಿಂತ ದ್ರವದಲ್ಲಿ ತುಂಬಿಹೋದ ನ್ಯೂಕ್ಲಿಯಸ್ಸುಗಳು ಸಂಕೇತವನ್ನು ಕುಗ್ಗಿಸುತ್ತವೆ. ಹರಿದರೆ ಅವು ಹೊರಗೆ ಸಾಗಿ ಹೊಸವು ಒಳಗೆ ಬರುತ್ತವೆ, ಸಂಕೇತ ಹೆಚ್ಚುತ್ತದೆ. ಎಂದರೆ ಶಮನಕ್ಕಾಗಿ ಕಾಯುವ ಕೆಲಸವನ್ನು ಹರಿವು ಪೂರೈಸುತ್ತದೆ. 1959ರಲ್ಲಿ ಅಮೆರಿಕದ ಸಿಂಗರನು ಇಲಿಯ ಬಾಲದಲ್ಲಿ ರಕ್ತದ ಹರಿವನ್ನು ಅಯಸ್ಕಾಂತ ಅನುರಣನದಿಂದಲೇ ಅಳೆದನು. ಇಂದು ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳಲ್ಲಿ ರಕ್ತನಾಳಗಳ ಚಿತ್ರ ತೆಗೆಯುವ ಕ್ರಮಗಳ ಪೂರ್ವಚರಿತ್ರೆಯಲ್ಲಿ ಬೆಂಗಳೂರಿನ ಈ ಪ್ರಬಂಧಕ್ಕೆ ಸ್ಥಾನವುಂಟು. ನಮ್ಮ ಕಾಲೇಜುಗಳ ಪಾಠಗಳಲ್ಲಿ ಅದರ ಹೆಸರು ಕೇಳಿಬರುವುದು ಅಪೂರ್ವ.

ಇನ್ನು ಪಾಲಿಮರುಗಳ ಮಾತು. 1970ರಲ್ಲಿ ವೇಲ್ಸಿನ ಅಬೆರಿಸ್ಟ್‌ವಿತ್‌ನಲ್ಲಿ ವಿಲಿಯಮ್ಸ್ ಮತ್ತು ವಾಟ್ಸ್ ಪಾಲಿಮರುಗಳ ವಿದ್ಯುತ್ ಶಮನಕ್ಕೆ ಒಂದು ಸೂತ್ರವನ್ನು ಸೂಚಿಸಿದರು. ಅದು 1854ರ ಸೂತ್ರವೇ. ಹಳೆಯ ಪ್ರಬಂಧದ ಪರಿವೆ ಅವರಿಗೆ ಇರಲಿಲ್ಲ. ಅನಂತರ ಅದೇ ಸೂತ್ರ ಗಾಜುಗಳಲ್ಲಿ, ಅಸ್ತವ್ಯಸ್ತ ಅಯಸ್ಕಾಂತಗಳಲ್ಲಿ ಎಲ್ಲೆಲ್ಲೂ ಕಾಣಿಸಿತು. ಇದರಿಂದ ಇವೆಲ್ಲಕ್ಕೂ ಮೂಲಕಾರಣ ಒಂದೇ ಎಂದು ತೀರ್ಮಾನಿಸುವವರ ಅವಸರ ನಮಗೆ ಸರಿಕಾಣದು. ಲಿಪಿ ಒಂದೇ ಆದ ಮಾತ್ರಕ್ಕೆ ಎರಡು ಶಾಸನಗಳು ಒಬ್ಬನೇ ಅರಸನವಾಗುವುದಿಲ್ಲ. ಅನೇಕ ಬೇರೆಬೇರೆ ಶಮನಕಾಲಗಳು ಬೆರೆತರೂ ಇಂಥ ರೇಖೆ ಬರಬಹುದು. ಒಂದರ ಶಮನ ಮತ್ತೊಂದಕ್ಕಾಗಿ ಕಾದು ನಿಂತರೂ ಬರಬಹುದು.

ಸೂತ್ರ ಪ್ರಸಿದ್ಧವಾದಂತೆ ಉಲ್ಲೇಖಗಳೂ ಹೆಚ್ಚಿದವು, ಅವುಗಳೊಡನೆ ತಪ್ಪುಗಳೂ. ಕೆಲವರು ತಂದೆಯ ಕೃತಿಯನ್ನು ಮಗನಿಗೆ ಕೊಟ್ಟರು. ಕೆಲವರು ವರ್ಷವನ್ನು ಕೆಡಿಸಿದರು. ಮೂಲವನ್ನು ನೋಡದೆ ಒಬ್ಬರಿಂದ ಒಬ್ಬರು ನಕಲು ಮಾಡಿದರು. ಕಾರ್ಡೋನಾ, ಚೇಂಬರ್ಲಿನ್, ಮಾರ್ಕ್ಸ್ ಎಂಬ ಮೂವರು ಹಳೆಯ ಸಂಪುಟಗಳನ್ನು ಓದಿ ಈ ಗೋಜಲನ್ನು ಬಿಡಿಸಿ 2007ರಲ್ಲಿ ಲೇಖನ ಬರೆದರು. ಅದು ಅಚ್ಚಾದದ್ದು ರುಡಾಲ್ಫ್ ಕೋಲ್‌ರೌಷನು 1854ರಲ್ಲಿ ಬರೆದಿದ್ದ 'ಅನಾಲೆನ್ ಡೆರ್ ಫಿಸೀಕ್' ಎಂಬ ಅದೇ ಪತ್ರಿಕೆಯಲ್ಲಿ.