ಮೈಲುತುತ್ತ
ಅಡಿಕೆ ತೋಟದವರಿಗೆ ಈ ಪದ ಹೊಸದಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಯಿಲು ಎಂದರೆ ನವಿಲು. ತುತ್ತ ಸಂಸ್ಕೃತದ ‘ತುತ್ಥ’ದಿಂದ ಬಂದದ್ದು. ಹರಳಿನ ನೀಲಿ ಕಂಡವರಿಗೆ ನವಿಲು ಯಾಕೆಂದು ಹೇಳಬೇಕಿಲ್ಲ.

ರಸಾಯನಶಾಸ್ತ್ರದಲ್ಲಿ ಇದು ಕಾಪರ್ (2) ಸಲ್ಫೇಟ್ ಪೆಂಟಾಹೈಡ್ರೇಟ್. ಇಂಥ ಹೆಸರಿನಲ್ಲಿ ಧನ ಅಯಾನು ಮೊದಲು, ಋಣ ಅಯಾನು ಆಮೇಲೆ. ಆವರಣದ 2 ತಾಮ್ರದ ಆವೇಶ. ತಾಮ್ರಕ್ಕೆ 1 ಕೂಡ ಒಗ್ಗುವುದರಿಂದ ಬಿಡಿಸಿ ಹೇಳಲೇಬೇಕು. ಸಲ್ಫೇಟಿನದು ಋಣ 2. ಲೆಕ್ಕ ಚುಕ್ತಾ, ಹಾಗಾಗಿ ಸೂತ್ರದಲ್ಲಿ ಒಂದಕ್ಕೊಂದು. ಪೆಂಟಾಹೈಡ್ರೇಟ್ ಅಂದರೆ ಜೊತೆಗಂಟಿದ ಐದು ನೀರಿನ ಅಣು. ಹರಳನ್ನು ಚೆನ್ನಾಗಿ ಕಾಯಿಸಿದರೆ ಆ ನೀರು ಹಾರಿ ಬಿಳಿ ಪುಡಿ ಉಳಿಯುತ್ತದೆ. ನವಿಲಿನ ಹೆಸರು ಆಗ ಹೊಂದುವುದಿಲ್ಲ. ಶಾಸ್ತ್ರದ ಹೆಸರಿನಲ್ಲಾದರೆ ಕೊನೆಯ ಪದ ಕಳಚಿದರಾಯಿತು.