ಗಾಂಜಾ: ಚಟವೇ, ಬರೀ ರೂಢಿಯೇ?

ಕನ್ನಡದಲ್ಲಿ ‘ಚಟ’ ಎಂಬುದು ಬಹಳ ಸಡಿಲವಾದ ಮಾತು. ಕಾಫಿಯ ಚಟ, ಎಲೆಅಡಿಕೆಯ ಚಟ, ಇಸ್ಪೀಟಿನ ಚಟ, ಕುಡಿತದ ಚಟ ಎಂದು ಎಲ್ಲಕ್ಕೂ ಒಂದೇ ಪದ ಬಳಸುತ್ತೇವೆ. ಮನಸ್ಸು ಮಾಡಿದರೆ ಬಿಡಬಹುದಾದದ್ದೂ ಚಟವೇ, ಬಿಡಲಾಗದೆ ಮನೆ ಮುಳುಗಿಸುವುದೂ ಚಟವೇ. ವೈದ್ಯಶಾಸ್ತ್ರ ಮಾತ್ರ ಬಹುಕಾಲ ಇವೆರಡನ್ನೂ ಬೇರೆ ಬೇರೆಯಾಗಿ ನೋಡಿತು. ಒಂದನ್ನು ವ್ಯಸನವೆಂದಿತು, ಇನ್ನೊಂದನ್ನು ರೂಢಿಯೆಂದಿತು. ಗಾಂಜಾ ಇವುಗಳಲ್ಲಿ ಯಾವ ಸಾಲಿಗೆ ಸೇರಬೇಕು? ಈ ವಾದಕ್ಕೆ ನೂರಮೂವತ್ತು ವರ್ಷ ದಾಟಿದೆ. ಅದರ ಮೊದಲ ದೊಡ್ಡ ವಿಚಾರಣೆ ನಡೆದದ್ದು ನಮ್ಮ ದೇಶದಲ್ಲೇ.

ಒಂದೇ ಗಿಡದಿಂದ ಮೂರು ಬಗೆಯ ಮಾದಕ ವಸ್ತುಗಳು ಬರುತ್ತವೆ. ಎಲೆಯಿಂದ ಭಂಗಿ, ಹೆಣ್ಣು ಗಿಡದ ಹೂಗೊಂಚಲಿನಿಂದ ಗಾಂಜಾ, ಅದರ ಅಂಟಿನಿಂದ ಚರಸ್. ಬ್ರಿಟಿಷ್ ಸರ್ಕಾರ ಇವುಗಳ ಮೇಲೆ ಸುಂಕ ಹಾಕಿ ಆದಾಯ ಪಡೆಯುತ್ತಿತ್ತು. ಜನರನ್ನು ಹುಚ್ಚರನ್ನಾಗಿ ಮಾಡುವ ವಸ್ತುವನ್ನು ಸರ್ಕಾರವೇ ಮಾರಲು ಬಿಟ್ಟಿದೆ ಎಂಬ ಆಕ್ಷೇಪ ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋಯಿತು. 1893ರಲ್ಲಿ ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅವರ ಅಧ್ಯಕ್ಷತೆಯಲ್ಲಿ ಏಳು ಜನರ ಆಯೋಗವೊಂದು ನೇಮಕವಾಯಿತು. ಅದರಲ್ಲಿ ಮೂವರು ಭಾರತೀಯರಿದ್ದರು. ಆಯೋಗ ದೇಶ ಸುತ್ತಿ 1,193 ಸಾಕ್ಷಿಗಳ ಹೇಳಿಕೆ ಪಡೆಯಿತು. ಸಾಕ್ಷಿಗಳ ಮುಂದಿಟ್ಟ ಪ್ರಶ್ನೆಗಳ ಪಟ್ಟಿಯಲ್ಲಿ ಇವೂ ಇದ್ದವು: ಈ ಅಭ್ಯಾಸ ಸುಲಭವಾಗಿ ಅಂಟಿಕೊಳ್ಳುತ್ತದೆಯೇ? ಬಿಡುವುದು ಕಷ್ಟವೇ? ಮಿತವಾಗಿ ಸೇವಿಸುವವನು ಅತಿಗೆ ಹೋಗುತ್ತಾನೆಯೇ?

ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಆಯೋಗ ಒಂದೊಂದಾಗಿ ಪರಿಶೀಲಿಸಿತು. ರೋಗಿಯ ಹಿನ್ನೆಲೆ ತಿಳಿಯದಿದ್ದಾಗ ಕಾರಣದ ಜಾಗದಲ್ಲಿ ‘ಗಾಂಜಾ’ ಎಂದು ಬರೆದುಬಿಡುವುದು ಎಷ್ಟೋ ಕಡೆ ವಾಡಿಕೆಯಾಗಿತ್ತು ಎಂಬುದು ಆಗ ಬೆಳಕಿಗೆ ಬಂತು. 1892ರಲ್ಲಿ ದಾಖಲಾದ 1,344 ರೋಗಿಗಳಲ್ಲಿ ಗಾಂಜಾ, ಭಂಗಿಗಳಿಗೆ ಸಂಬಂಧ ಕಲ್ಪಿಸಬಹುದಾದವರು 98 ಮಂದಿ ಮಾತ್ರ ಎಂದು ಆಯೋಗ ಹೇಳಿತು. ಮಿತಬಳಕೆಯೇ ಹೆಚ್ಚು, ಅದರಿಂದ ಹೇಳಿಕೊಳ್ಳುವಂಥ ಕೇಡಿಲ್ಲ. ಅತಿಬಳಕೆ ಕಡಿಮೆ, ಆದರೆ ಅದು ಹಾನಿಕರ. ಆದ್ದರಿಂದ ಪೂರ್ಣ ನಿಷೇಧ ಬೇಡ, ಹತೋಟಿ ಸಾಕು. ಇದು 1894ರ ವರದಿಯ ಸಾರ. ನ್ಯೂಯಾರ್ಕಿನ ಮೇಯರ್ ಲಗಾರ್ಡಿಯ ನೇಮಿಸಿದ ಸಮಿತಿ ಕೂಡ 1944ರಲ್ಲಿ, ವೈದ್ಯಕೀಯ ಅರ್ಥದಲ್ಲಿ ಇದು ವ್ಯಸನವಲ್ಲ ಎಂದೇ ಹೇಳಿತು.

ಆದರೆ ಆ ‘ವೈದ್ಯಕೀಯ ಅರ್ಥ’ ಎಂದರೆ ಏನು? ಅಂದಿನ ಅಳತೆಗೋಲು ಅಫೀಮು. ಅಫೀಮು ನಿಲ್ಲಿಸಿದವನಿಗೆ ಮೈಕೈ ನೋವು, ವಾಂತಿ, ಭೇದಿ, ನಡುಕ. ಅಂಥ ನರಳಾಟ ಕಂಡರೆ ಮಾತ್ರ ವ್ಯಸನ. 1957ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞ ಸಮಿತಿ ಈ ಭೇದವನ್ನು ಬರಹಕ್ಕಿಳಿಸಿತು. ತಡೆಯಲಾಗದ ತುಡಿತ, ಪ್ರಮಾಣ ಏರಿಸುವ ಪ್ರವೃತ್ತಿ, ಸಾಮಾನ್ಯವಾಗಿ ದೇಹದ ಅವಲಂಬನೆಯೂ ಇದ್ದರೆ ವ್ಯಸನ. ಬರೀ ಬಯಕೆ ಇದ್ದು, ದೇಹಕ್ಕೆ ಅವಲಂಬನೆ ಇಲ್ಲದಿದ್ದರೆ ರೂಢಿ.

ಈ ಗೆರೆ ಏಳು ವರ್ಷವೂ ಬಾಳಲಿಲ್ಲ. ಗೆರೆ ಎಳೆದವರೇ ಗೊಂದಲ ಹೆಚ್ಚಾಯಿತೆಂದು 1964ರಲ್ಲಿ ಎರಡೂ ಪದಗಳನ್ನು ಕೈಬಿಟ್ಟು ‘ಅವಲಂಬನೆ’ ಎಂಬ ಒಂದೇ ಪದ ತಂದರು. ಅದೇ 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಹಳೆಯ ಅಳತೆಗೋಲನ್ನೇ ಹಿಡಿದು ಬೀಡಿ, ಸಿಗರೇಟಿನ ತಂಬಾಕು ವ್ಯಸನವಲ್ಲ, ರೂಢಿ ಎಂದಿತ್ತು! ತಂಬಾಕು ವ್ಯಸನಕಾರಿ ಎಂದು ಅದೇ ಕಚೇರಿ ಒಪ್ಪಿದ್ದು 1988ರಲ್ಲಿ. ಈ ನಡುವೆ ತಂಬಾಕಿನ ಗುಣವೇನೂ ಬದಲಾಗಿರಲಿಲ್ಲ; ಬದಲಾದದ್ದು ವ್ಯಸನವೆಂದರೇನು ಎಂಬ ತಿಳಿವಳಿಕೆ.

ಗಾಂಜಾದ ವಿಷಯದಲ್ಲೂ ಹಾಗೆಯೇ ಆಯಿತು. ಅದರ ಮುಖ್ಯ ಮಾದಕಾಂಶವಾದ ಟಿಎಚ್‌ಸಿಯನ್ನು ಇಸ್ರೇಲಿನ ರಾಫೆಲ್ ಮೆಶೂಲಮ್ ಮತ್ತು ಸಂಗಡಿಗರು 1964ರಲ್ಲಿ ಬೇರ್ಪಡಿಸಿ ತೋರಿಸಿದರು. ಈ ಅಂಶ ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂಬುದು 1990ರ ಹೊತ್ತಿಗೆ ಸ್ಪಷ್ಟವಾಯಿತು. ಅದೇ ಜಾಗದಲ್ಲಿ ಕೆಲಸ ಮಾಡುವ, ನಮ್ಮ ಮಿದುಳೇ ತಯಾರಿಸುವ ವಸ್ತುವೊಂದು 1992ರಲ್ಲಿ ಸಿಕ್ಕಿತು. ಸಂಸ್ಕೃತದ ‘ಆನಂದ’ ಪದದಿಂದ ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟರು.

ಹಾಗಾದರೆ ಗಾಂಜಾ ಬಿಟ್ಟವರ ನರಳಾಟ ಹಿಂದಿನವರ ಕಣ್ಣಿಗೆ ಏಕೆ ಬೀಳಲಿಲ್ಲ? ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು. ನಿತ್ಯ ಸೇದುವವನ ಮೈಯಲ್ಲಿ ಅದು ಉಳಿದು ದಿನಗಟ್ಟಲೆ ನಿಧಾನವಾಗಿ ಹೊರಬೀಳುತ್ತದೆ. ಆದ್ದರಿಂದ ಬಿಟ್ಟಾಗ ಆಗುವ ಬಾಧೆ ಅಫೀಮಿನಂತೆ ಒಮ್ಮೆಗೇ ಎರಗುವುದಿಲ್ಲ. ಒಂದೆರಡು ದಿನದಲ್ಲಿ ಸಿಡುಕು, ಕಳವಳ, ನಿದ್ದೆಗೇಡು, ಊಟ ಸೇರದಿರುವುದು ಕಾಣಿಸಿಕೊಂಡು ಎರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಡುತ್ತದೆ. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಮತ್ತೆ ಸೇದಿದರೆ ಸಾಕೆನಿಸಲು ಅಷ್ಟು ಸಾಕು. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ ಈ ಬಾಧೆಯನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 2013ರಲ್ಲಿ.

ಹಾಗೆಂದು ಸೇದಿದವರೆಲ್ಲ ವ್ಯಸನಿಗಳಾಗುತ್ತಾರೆಯೇ? ಇಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಡೆದ ಸಮೀಕ್ಷೆಯ ಪ್ರಕಾರ, ಒಮ್ಮೆಯಾದರೂ ಗಾಂಜಾ ಬಳಸಿದವರಲ್ಲಿ ಅವಲಂಬನೆಗೆ ಸಿಲುಕಿದವರು ಶೇ 9ರಷ್ಟು. ಮದ್ಯದಲ್ಲಿ ಇದು ಶೇ 15, ಹೆರಾಯಿನ್‌ನಲ್ಲಿ ಶೇ 23, ತಂಬಾಕಿನಲ್ಲಿ ಶೇ 32. ಹದಿಹರೆಯದಲ್ಲೇ ಶುರುಮಾಡಿದವರಿಗೆ, ದಿನವೂ ಸೇದುವವರಿಗೆ ಅಪಾಯ ಹೆಚ್ಚು. ಮಾಲಿನ ಕಸುವೂ ಏರಿದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಶೇ 4ರಷ್ಟಿದ್ದ ಟಿಎಚ್‌ಸಿ 2014ರ ಹೊತ್ತಿಗೆ ಶೇ 12ರ ಸುಮಾರಿಗೆ ಬಂದಿತ್ತು.

ನಮ್ಮ ಕಾನೂನು ಈ ವಾದವನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿದೆ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಹೂಗೊಂಚಲು ಮತ್ತು ಅಂಟು ನಿಷಿದ್ಧ. ಗೊಂಚಲಿಲ್ಲದ ಬರೀ ಎಲೆ ಆ ವ್ಯಾಖ್ಯೆಯಲ್ಲಿ ಇಲ್ಲ. ಗಾಂಜಾ ಸಿಕ್ಕಿದರೆ ಜೈಲು. ಭಂಗಿಗೆ ಕೆಲವು ರಾಜ್ಯಗಳಲ್ಲಿ ಸರ್ಕಾರಿ ಪರವಾನಗಿಯ ಅಂಗಡಿ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ಭಂಗಿ, ಗಾಂಜಾ, ಚರಸ್ ಬಳಸುವವರು ಸುಮಾರು 3.1 ಕೋಟಿ ಎಂದು ಅಂದಾಜು ಮಾಡಿತು. ಇವರಲ್ಲಿ ನೆರವಿನ ಅಗತ್ಯವಿದ್ದವರು ಸುಮಾರು 72 ಲಕ್ಷ.

ಈ 72 ಲಕ್ಷ ಜನರ ದೃಷ್ಟಿಯಿಂದ ನೋಡಿದರೆ ಹಳೆಯ ವಾದದ ಎರಡು ಕಡೆಯವರೂ ಹಾನಿ ಮಾಡಿದ್ದಾರೆ. ಒಂದು ದಮ್ಮು ಎಳೆದರೆ ಹುಚ್ಚು ಹಿಡಿಯುತ್ತದೆ ಎಂದವರ ಮಾತು ಹುಸಿಯಾದಾಗ ಎಳೆಯರು ಮುಂದಿನ ಎಚ್ಚರಿಕೆಗಳನ್ನೂ ನಂಬದಾದರು. ಬರೀ ರೂಢಿ, ಬೇಕೆಂದಾಗ ಬಿಡಬಹುದು ಎಂದವರ ಮಾತು ನಂಬಿ, ಬಿಡಲಾಗದವನು ತನ್ನದೇ ಮನೋದೌರ್ಬಲ್ಯವೆಂದು ನಾಚಿ ಮುಚ್ಚಿಟ್ಟುಕೊಂಡ. ಗಾಂಜಾ ಬಹುಪಾಲು ಜನರಿಗೆ ವ್ಯಸನವಾಗುವುದಿಲ್ಲ, ಕೆಲವರಿಗೆ ಖಂಡಿತ ಆಗುತ್ತದೆ. ಆ ಕೆಲವರಲ್ಲಿ ತಾನೊಬ್ಬನಾಗುವೆನೇ ಎಂಬುದು ಮೊದಲ ದಮ್ಮು ಎಳೆಯುವಾಗ ಯಾರಿಗೂ ತಿಳಿಯದು. ಸಿಲುಕಿದವನಿಗೆ ಬೇಕಾದದ್ದು ಬುದ್ಧಿವಾದವಲ್ಲ, ಬೆದರಿಕೆಯೂ ಅಲ್ಲ. ವೈದ್ಯರ ನೆರವು ಮತ್ತು ಮನೆಯವರ ತಾಳ್ಮೆ.