ಒಂದೇ ಮಗುವಿನ ಹಲವು ವಯಸ್ಸುಗಳು: ಅಸಮ ಬೆಳವಣಿಗೆಯ ಪ್ರತಿಭಾವಂತರ ಶಿಕ್ಷಣದ ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪು ಮತ್ತು ಅಮೆರಿಕದಲ್ಲಿ ಕಡ್ಡಾಯ ಶಿಕ್ಷಣ ಹರಡಿದಂತೆ, ಒಂದೇ ವಯಸ್ಸಿನ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿ ಎಲ್ಲ ವಿಷಯಗಳನ್ನೂ ಒಂದೇ ವೇಗದಲ್ಲಿ ಕಲಿಸುವ ತರಗತಿ ಪದ್ಧತಿ ಬೇರೂರಿತು. ಮಗುವಿನ ಶಕ್ತಿಗಳೆಲ್ಲ ಸರಿಸುಮಾರು ಜೊತೆಜೊತೆಯಾಗಿಯೇ ಬೆಳೆಯುತ್ತವೆ ಎಂಬ ನಂಬಿಕೆಯ ಮೇಲೆ ಈ ಪದ್ಧತಿ ನಿಂತಿತ್ತು. ಗಣಿತದಲ್ಲಿ ಹದಿನಾಲ್ಕರವರಂತೆ ಯೋಚಿಸಿ, ಬರವಣಿಗೆಯಲ್ಲಿ ಏಳರವರಂತೆ ತಡವರಿಸಿ, ಸೋತಾಗ ಐದರವರಂತೆ ಅಳುವ ಎಂಟು ವರ್ಷದ ಮಗುವಿಗೆ ಅದರಲ್ಲಿ ಯಾವ ತರಗತಿಯೂ ಹೊಂದುತ್ತಿರಲಿಲ್ಲ. ಇಂಥ ಮಗುವಿಗೆ ತಕ್ಕ ಶಾಲೆಯನ್ನು ಹುಡುಕುವ ಪ್ರಯತ್ನಕ್ಕೆ ನೂರು ವರ್ಷಗಳ ಇತಿಹಾಸವಿದೆ.

ಆ ಇತಿಹಾಸ ಹೊರಟದ್ದು ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಕಾಳಜಿಯಿಂದ. ಸಾಮಾನ್ಯ ತರಗತಿಯಲ್ಲಿ ಕಲಿಯಲಾರದವರನ್ನು ಗುರುತಿಸಲು ಪ್ಯಾರಿಸ್ಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ, ತನ್ನ ಸಹೋದ್ಯೋಗಿ ಥಿಯೋಡೋರ್ ಸಿಮೋನ್ ಜೊತೆ, 1905ರಲ್ಲಿ ಒಂದು ಪರೀಕ್ಷಾಮಾಲೆಯನ್ನು ರೂಪಿಸಿದನು. 1908ರ ಪರಿಷ್ಕರಣೆಯಲ್ಲಿ ಪ್ರಶ್ನೆಗಳನ್ನು ವಯಸ್ಸಿಗನುಗುಣವಾಗಿ ಜೋಡಿಸಲಾಯಿತು. ಮಗು ಯಾವ ವಯಸ್ಸಿನವರ ಪ್ರಶ್ನೆಗಳನ್ನು ಬಿಡಿಸಬಲ್ಲದೋ ಅದೇ ಅದರ ಮಾನಸಿಕ ವಯಸ್ಸು. ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸುವ ಕ್ರಮವನ್ನು ಜರ್ಮನಿಯ ವಿಲಿಯಂ ಸ್ಟರ್ನ್ 1912ರಲ್ಲಿ ಸೂಚಿಸಿದನು. ಆ ಭಾಗಲಬ್ಧವನ್ನು ನೂರರಿಂದ ಗುಣಿಸಿ ಬರುವ ಸಂಖ್ಯೆಯನ್ನು, ಅಂದರೆ ಬುದ್ಧಿಲಬ್ಧ ಅಥವಾ ಐಕ್ಯೂವನ್ನು, ಲೂಯಿಸ್ ಟರ್ಮನ್ 1916ರ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯ ಮೂಲಕ ಅಮೆರಿಕದಲ್ಲಿ ರೂಢಿಗೆ ತಂದನು. ಹನ್ನೆರಡರ ಮಾನಸಿಕ ವಯಸ್ಸುಳ್ಳ ಎಂಟು ವರ್ಷದ ಮಗುವಿನ ಬುದ್ಧಿಲಬ್ಧ 150. ಆದರೆ ಎಲ್ಲದರಲ್ಲೂ ಸಮನಾಗಿ ಮುಂದಿರುವ ಮಗುವಿಗೂ, ಕೆಲವು ಸುಲಭ ಪ್ರಶ್ನೆಗಳಲ್ಲಿ ಸೋತು ಅತಿಕಠಿಣವಾದವುಗಳಲ್ಲಿ ಗೆದ್ದ ಮಗುವಿಗೂ ಅದೇ 150 ದೊರೆಯಬಹುದಾದ್ದರಿಂದ, ಪ್ರತಿಭೆಯನ್ನು ಗುರುತಿಸುವ ಸಾಧನವೇ ಅದರ ಏರುಪೇರನ್ನು ಮರೆಮಾಡಿತು.

ಆ ಏರುಪೇರನ್ನೇ ಅಧ್ಯಯನದ ವಸ್ತುವಾಗಿಸಿದವರಲ್ಲಿ ಮೊದಲಿಗಳೆಂದರೆ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಬೋಧಿಸುತ್ತಿದ್ದ ಲೀಟಾ ಹಾಲಿಂಗ್‌ವರ್ತ್ (1886–1939). ಒಂದು ವಿಷಯದಲ್ಲಿ ಅಸಾಧಾರಣ ಶಕ್ತಿ ಮತ್ತು ಇನ್ನೊಂದರಲ್ಲಿ ಸ್ಪಷ್ಟ ಕೊರತೆ ಒಂದೇ ಮಗುವಿನಲ್ಲಿ ಇರಬಹುದೆಂಬುದನ್ನು ಆಕೆ 1923ರ ಗ್ರಂಥವೊಂದರಲ್ಲಿ ವಿಸ್ತಾರವಾಗಿ ಚರ್ಚಿಸಿದಳು. ಪ್ರೌಢರ ಬುದ್ಧಿಯೂ ಮಗುವಿನ ಭಾವನೆಗಳೂ ಪುಟ್ಟ ದೇಹವೊಂದರಲ್ಲಿ ಸೇರಿದಾಗ ಸಂಕಟಗಳು ಅನಿವಾರ್ಯವೆಂದೂ, 140ರ ಬುದ್ಧಿಲಬ್ಧದ ಮಗು ಸಾಮಾನ್ಯ ಶಾಲೆಯಲ್ಲಿ ತನ್ನ ಅರ್ಧ ಸಮಯವನ್ನು, 170ನ್ನು ಮೀರಿದ ಮಗು ಬಹುಪಾಲು ಸಮಯವನ್ನು ವ್ಯರ್ಥವಾಗಿ ಕಳೆಯುತ್ತದೆಂದೂ ಆಕೆ ಕಂಡುಕೊಂಡಳು.

ಈ ತಿಳಿವಳಿಕೆಯ ಜೊತೆಜೊತೆಗೇ ನಡೆದವು ನ್ಯೂಯಾರ್ಕ್ ನಗರದ ಎರಡು ಪ್ರಯೋಗಗಳು. 1922ರಲ್ಲಿ ಸಾರ್ವಜನಿಕ ಶಾಲೆ 165ರಲ್ಲಿ ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗಳು ಆರಂಭವಾದವು. 1936ರಲ್ಲಿ ಮ್ಯಾನ್‌ಹಟನ್ನಿನ ಸ್ಪೇಯರ್ ಶಾಲೆ ಐದು ವರ್ಷಗಳ ಪ್ರಯೋಗಕ್ಕೆ ತೆರೆದುಕೊಂಡಿತು. ಸ್ಪೇಯರ್‌ನಲ್ಲಿ ವೇಗವಾಗಿ ಕಲಿಯುವವರ ತರಗತಿಗಳೂ ನಿಧಾನವಾಗಿ ಕಲಿಯುವವರ ತರಗತಿಗಳೂ ಒಂದೇ ಸೂರಿನಡಿ ನಡೆದವು. ವೇಗದ ಮಕ್ಕಳನ್ನು ಮೇಲಿನ ತರಗತಿಗೆ ದಾಟಿಸುವ, ಕನ್ನಡನಾಡಿನಲ್ಲಿ ಡಬಲ್ ಪ್ರಮೋಷನ್ ಎನ್ನುವ ಕ್ರಮವನ್ನು ಇಲ್ಲಿ ನೆಚ್ಚಿಕೊಳ್ಳಲಿಲ್ಲ. ನಿಗದಿತ ಪಠ್ಯವನ್ನು ಅರ್ಧ ದಿನದಲ್ಲಿ ಮುಗಿಸಿ, ಉಳಿದರ್ಧದಲ್ಲಿ ಆಹಾರ, ಉಡುಪು, ವಸತಿ, ಸಾರಿಗೆಯಂಥ ನಿತ್ಯದ ವಸ್ತುಗಳ ವಿಕಾಸವನ್ನು ಮಕ್ಕಳೇ ಶೋಧಿಸುವಂತೆ ಮಾಡಲಾಯಿತು. ಜೊತೆಗೆ ಫ್ರೆಂಚ್ ಭಾಷೆ ಮತ್ತು ಜೀವನಚರಿತ್ರೆಗಳ ಓದು ಇತ್ತು. ಪಾಠವನ್ನು ಬುದ್ಧಿಗೆ ತಕ್ಕಂತೆ ಹಿಗ್ಗಿಸಿ, ಒಡನಾಟವನ್ನು ವಯಸ್ಸಿಗೆ ತಕ್ಕಂತೆ ಉಳಿಸಿದ್ದು ಈ ಪ್ರಯೋಗದ ದೊಡ್ಡ ಸಾಧನೆ.

ಭಾರತದಲ್ಲಿ ಇಂಥ ಹೊಂದಾಣಿಕೆಯಿಲ್ಲದೆ ಆದ ನಷ್ಟಕ್ಕೆ ಶ್ರೀನಿವಾಸ ರಾಮಾನುಜನ್ ಅವರ ಬದುಕೇ ಸಾಕ್ಷಿ. 1904ರಲ್ಲಿ ಕುಂಭಕೋಣದ ಪ್ರೌಢಶಾಲೆಯಿಂದ ಗಣಿತದ ಬಹುಮಾನದೊಂದಿಗೆ ಹೊರಬಂದ ಅವರು, ಕಾಲೇಜಿನಲ್ಲಿ ಗಣಿತವನ್ನುಳಿದು ಬೇರೆ ವಿಷಯಗಳತ್ತ ಗಮನ ಹರಿಸದೆ ವಿದ್ಯಾರ್ಥಿವೇತನವನ್ನು ಕಳೆದುಕೊಂಡರು. ಬಳಿಕ ಮದರಾಸಿನಲ್ಲಿ ಎಫ್.ಎ., ಅಂದರೆ ಪದವಿಗೆ ಪೂರ್ವದ ಎರಡು ವರ್ಷಗಳ ಪರೀಕ್ಷೆಯಲ್ಲೂ ಅನುತ್ತೀರ್ಣರಾದರು. ಎಲ್ಲ ವಿಷಯಗಳಲ್ಲೂ ತೇರ್ಗಡೆಯಾಗಲೇಬೇಕೆಂಬ ನಿಯಮದ ಮುಂದೆ ಅವರ ಗಣಿತಕ್ಕೆ ಬೆಲೆ ಬರಲಿಲ್ಲ. 1913ರಲ್ಲಿ ಮದರಾಸು ವಿಶ್ವವಿದ್ಯಾಲಯವು ಪದವಿಯಿಲ್ಲದ ಅವರಿಗೆ ತಿಂಗಳಿಗೆ 75 ರೂಪಾಯಿಗಳ ಸಂಶೋಧನಾ ವೇತನ ನೀಡಿ ತನ್ನ ನಿಯಮವನ್ನು ಸಡಿಲಿಸಿದ್ದು ಸ್ಮರಣೀಯ.

ಕನ್ನಡನಾಡಿಗೆ ಬುದ್ಧಿಲಬ್ಧವನ್ನು ಅಳೆಯುವ ಸಾಧನವೇನೋ ಬೇಗನೆ ಬಂದಿತು. ಧಾರವಾಡದಲ್ಲಿ ವಿ. ವಿ. ಕಾಮತರು 1930ರ ದಶಕದಲ್ಲಿ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಅಳವಡಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂದು ಹೆಸರಾದ ಅದು ಮುಂದೆ ಆಸ್ಪತ್ರೆ ಮತ್ತು ಚಿಕಿತ್ಸಾಲಯಗಳಲ್ಲಿ ಬೌದ್ಧಿಕ ಕೊರತೆಯ ನಿರ್ಣಯಕ್ಕೇ ಹೆಚ್ಚಾಗಿ ಬಳಕೆಯಾಯಿತು. ಮುಂದಿರುವ ಮಗುವಿಗೆ ಶಾಲೆಯನ್ನು ಹೊಂದಿಸುವ ಕೆಲಸಕ್ಕೆ ಅಷ್ಟಾಗಿ ಒದಗಲಿಲ್ಲ.

ನಂತರದ ದಶಕಗಳು ಸಮಸ್ಯೆಗೆ ಇನ್ನಷ್ಟು ಸ್ಪಷ್ಟ ರೂಪ ಕೊಟ್ಟವು. 1971ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೂಲಿಯನ್ ಸ್ಟ್ಯಾನ್ಲಿ, ಗಣಿತದಲ್ಲಿ ಮುಂದಿರುವ ಮಕ್ಕಳಿಗೆ ಗಣಿತವನ್ನೇ ವೇಗವಾಗಿ ಕಲಿಸುವ ಯೋಜನೆಯನ್ನು ಆರಂಭಿಸಿದನು. 1991ರಲ್ಲಿ ಅಮೆರಿಕದಲ್ಲಿ ಪ್ರತಿಭಾವಂತ ಮಕ್ಕಳ ಕುರಿತು ಚಿಂತಿಸುತ್ತಿದ್ದ ಕೊಲಂಬಸ್ ಗುಂಪು ಪ್ರತಿಭೆಯನ್ನೇ ‘ಅಸಮಕಾಲಿಕ ಬೆಳವಣಿಗೆ’, ಅಂದರೆ ಬುದ್ಧಿ, ಭಾವನೆ, ದೇಹಗಳು ಬೇರೆಬೇರೆ ವೇಗದಲ್ಲಿ ಬೆಳೆಯುವ ಸ್ಥಿತಿ, ಎಂದು ನಿರೂಪಿಸಿತು. ಭಾರತದಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಪ್ರತಿಭಾವಂತ ಮಕ್ಕಳ ಶಿಕ್ಷಣವನ್ನು ಅಧ್ಯಯನಕ್ಕೆ ಎತ್ತಿಕೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ವಿದ್ಯಾರ್ಥಿಗಳ ಪೋಷಣೆಯನ್ನು ಪ್ರಸ್ತಾಪಿಸಿತು.

ಈ ನೂರು ವರ್ಷಗಳ ಅನುಭವ ಕಲಿಸುವುದು ಇಷ್ಟು: ಒಂದು ಸಂಖ್ಯೆಯಾಗಲಿ, ಒಂದು ತರಗತಿಯಾಗಲಿ ಇಂಥ ಮಗುವನ್ನು ಪೂರ್ತಿಯಾಗಿ ಹಿಡಿದಿಡಲಾರದು. ಗಣಿತಕ್ಕೆ ಎಂಟನೆಯ ತರಗತಿಯಲ್ಲೂ, ಬರವಣಿಗೆಗೆ ಮೂರನೆಯದರಲ್ಲೂ ಕೂರಿಸಿ, ಆಟಕ್ಕೆ ಓರಗೆಯವರ ನಡುವೆ ಬಿಡಲು ಶಾಲೆಗೆ ಭಾರಿ ಹಣವಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ವೇಳಾಪಟ್ಟಿಯನ್ನು ಸಡಿಲಿಸುವ ಮುಖ್ಯೋಪಾಧ್ಯಾಯರೂ, ಮಗುವಿನ ಕೊರತೆಯನ್ನು ನೆವವಾಗಿಸಿ ಅದರ ಶಕ್ತಿಯನ್ನು ನಿರಾಕರಿಸದ ಶಿಕ್ಷಕರೂ ಬೇಕು. ಆ ಸಡಿಲಿಕೆಯನ್ನು ಪ್ರತಿ ಸರ್ಕಾರಿ ಶಾಲೆಗೂ ನಿಯಮವಾಗಿ ಒದಗಿಸುವುದು ಶಿಕ್ಷಣ ಇಲಾಖೆಗಳ ಕರ್ತವ್ಯ.